ಪುನರ್ಪುಳಿಗೆ ಗ್ಯಾಸ್ ತುಂಬಿಸಿದ್ದು: ಮನೆಯ ಸೋಡಾ, ನನ್ನ ಅನುಭವ

ನಮ್ಮ ಕಾಸರಗೋಡಿನ ಪೆರ್ಲದ ಕಡೆಯ ಮನೆಗಳಲ್ಲಿ ಪುನರ್ಪುಳಿಗೆ, ಅಂದರೆ ಕೋಕಂ ಹಣ್ಣಿಗೆ, ಬರವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಉದುರತೊಡಗಿದರೆ ಸಿಪ್ಪೆ ಬಿಡಿಸಿ ಒಣಗಿಸಿಡುತ್ತೇವೆ. ವರ್ಷವಿಡೀ ಸಾರಿಗೂ ಶರಬತ್ತಿಗೂ ಅದೇ. ಆದರೂ ರಜೆಗೆ ಬಂದ ಮಕ್ಕಳು ಕೇಳುವುದು ಅಂಗಡಿಯ ಬಾಟಲಿಯನ್ನು. ಅಂಗಡಿಯ ಕೋಲಾದಲ್ಲಿ 100 ಮಿಲಿಲೀಟರಿಗೆ 10 ಗ್ರಾಮಿಗಿಂತ ಹೆಚ್ಚು ಸಕ್ಕರೆ ಇರುವುದುಂಟು. ಮಕ್ಕಳಿಗೆ ನಿಜವಾಗಿ ಬೇಕಾದದ್ದು ಮೂಗಿಗೇರುವ ಆ ಗ್ಯಾಸ್ ಎಂದು ಅರ್ಥವಾದ ಮೇಲೆ, ಅದನ್ನು ನಮ್ಮ ಪುನರ್ಪುಳಿಗೇ ತುಂಬಿಸುವ ದಾರಿ ಹಿಡಿದೆ.

ಸುಲಭದ ದಾರಿಯೆಂದರೆ ಲೋಟಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕುವುದು. ಲಿಂಬೆ ಶರಬತ್ತಿಗೆ ಅದು ನಡೆದೀತು, ಪುನರ್ಪುಳಿಗೆ ಸಲ್ಲದು. ಅದರ ಕೆಂಪು ಆಂಥೋಸಯನಿನ್ ಎಂಬ ಬಣ್ಣದ್ದು, ಹುಳಿಯಿದ್ದರಷ್ಟೇ ಕೆಂಪು. ಸೋಡಾ ಹುಳಿಯನ್ನು ಕೊಂದ ಹಾಗೆಲ್ಲ ಅದು ನೇರಳೆಗೆ ತಿರುಗಿ ಮಂಕಾಗುತ್ತದೆ, ನಾಲಗೆಗೆ ಉಪ್ಪುಪ್ಪು ಹತ್ತುತ್ತದೆ. ಸಿಲಿಂಡರ್ ಇರುವ ಸೋಡಾ ಯಂತ್ರವೂ ಸಿಗುತ್ತದೆ. ಗ್ಯಾಸ್ ಮುಗಿದಾಗಲೆಲ್ಲ ಪೇಟೆಗೆ ಓಡುವ ಕೆಲಸ ನನಗೆ ಬೇಡವೆನಿಸಿತು. ನಾನು ನೆಚ್ಚಿಕೊಂಡದ್ದು ಶುಂಠಿಯ ಹೆಪ್ಪನ್ನು, ಅಂದರೆ ಶುಂಠಿಯ ಮೇಲಿನ ಯೀಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಡುವಂತೆ ಹುದುಗಿಸಿದ ನೀರನ್ನು. ಹುದುಗಿನಿಂದ ಬಂದ ಗ್ಯಾಸ್ ಎಂದರೆ ಕೀಳೇನಲ್ಲ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ ಸೋಡಾ ನೀರು ಮಾಡಿದ್ದೂ ಬಿಯರ್ ಹುದುಗುವ ತೊಟ್ಟಿಯಿಂದ ಏಳುತ್ತಿದ್ದ ಗ್ಯಾಸಿನಿಂದಲೇ.

ಮೊದಲು ನೀರು. ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ಯೀಸ್ಟ್ ಸೊರಗುತ್ತದೆ. ಈ ವಿಷಯದಲ್ಲಿ ನಾವು ಪುಣ್ಯವಂತರು. ಬಾಯಾರು, ಎಣ್ಮಕಜೆಯ ಗುಡ್ಡಗಳಲ್ಲಿ ಹಿರಿಯರು ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗಗಳಿವೆ. ಪಂಪಿನ ಹಂಗಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ನಮ್ಮ ಮನೆಗೂ ಅದೇ ನೀರು. ಆದರೂ ಕುದಿಸಿ ಆರಿಸಿಯೇ ಬಳಸುತ್ತೇನೆ. ಬೆಳೆಸಬೇಕಾದದ್ದು ಶುಂಠಿಯ ಮೇಲಿನ ಯೀಸ್ಟನ್ನು, ನೀರಿನಲ್ಲಿರಬಹುದಾದ ಬೇರೇನನ್ನೂ ಅಲ್ಲ.

ಹೆಪ್ಪಿಗೆ ಎರಡು ಲೋಟ ನೀರು, ಎರಡು ದೊಡ್ಡ ಚಮಚ ತುರಿದ ಶುಂಠಿ, ಅಷ್ಟೇ ಸಕ್ಕರೆ. ಶುಂಠಿಯ ಸಿಪ್ಪೆ ಹೆರೆಯಬಾರದು, ಯೀಸ್ಟ್ ಇರುವುದು ಅಲ್ಲೇ. ಹಿತ್ತಲಿನಿಂದ ಕಿತ್ತ ಶುಂಠಿಯ ಸಂದುಗಳಲ್ಲಿ ಕೆಂಪು ಮಣ್ಣು ಮೆತ್ತಿರುತ್ತದೆ. ಅದು ಹೋಗುವಷ್ಟು ತೊಳೆದರೆ ಸಾಕು. ಎಲ್ಲವನ್ನೂ ಗಾಜಿನ ಭರಣಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ನೀರು ತುಂಬಿದ ಬಟ್ಟಲಿನ ನಡುವೆ ಇಡುತ್ತೇನೆ. ಆ ನೀರಿಲ್ಲದಿದ್ದರೆ ರಾತ್ರಿ ಕಳೆಯುವುದರೊಳಗೆ ಇರುವೆಗಳ ಸಾಲು ಒಳಗಿರುತ್ತದೆ. ದಿನಕ್ಕೊಮ್ಮೆ ಒಂದೊಂದು ಚಮಚ ಶುಂಠಿ, ಸಕ್ಕರೆ ಸೇರಿಸಬೇಕು, ಬೆಳಗ್ಗೆ ಸಂಜೆ ಕದಡಬೇಕು. ಹೆಪ್ಪು ಬಂದದ್ದನ್ನು ಕಿವಿಯೇ ಹೇಳುತ್ತದೆ: ಚಮಚ ಇಳಿಸಿದೊಡನೆ ಸಣ್ಣಗೆ ಬುಸ್ಸೆನ್ನುತ್ತದೆ. ಶುಂಠಿಯ ತುರಿಯೆಲ್ಲ ಮೇಲೆದ್ದು ಅದರ ಸುತ್ತ ಬಿಳಿ ನೊರೆ ಕಟ್ಟಿರುತ್ತದೆ. ಬೂಷ್ಟು ಕಂಡರೆ ಅಥವಾ ಕೊಳೆತ ವಾಸನೆ ಬಂದರೆ ಭರಣಿಯನ್ನು ಖಾಲಿ ಮಾಡಿ ಹೊಸದಾಗಿ ಶುರುಮಾಡಬೇಕು. ಮೇಲಿನದನ್ನು ತೆಗೆದು ಉಳಿಸಿಕೊಳ್ಳುವ ಆಸೆ ಬೇಡ.

ಇದಕ್ಕೆ ಎಷ್ಟು ದಿನ ಎಂದು ನೆಂಟರೆಲ್ಲ ಕೇಳುತ್ತಾರೆ. ದಿನ ಹೇಳಲು ನಾನು ಒಪ್ಪುವುದಿಲ್ಲ. ಓದಲು ಸಿಗುವ ಪಾಕವಿಧಾನಗಳಲ್ಲಿ ಹೆಚ್ಚಿನವು ತಂಪು ದೇಶದವರು ಬರೆದವು, ಅವರ ಅಡುಗೆಮನೆಯ ಸೆಕೆ 20 ಡಿಗ್ರಿಯ ಆಸುಪಾಸು. ಅಲ್ಲಿ ವಾರ ಹಿಡಿಯುವ ಹೆಪ್ಪು ನಮ್ಮ ಏಪ್ರಿಲ್‌ನಲ್ಲಿ ಎರಡನೆಯ ದಿನವೇ ಉಕ್ಕುವುದುಂಟು. ಆಟಿ ತಿಂಗಳ ಮಳೆಯಲ್ಲಿ ದೋಸೆ ಹಿಟ್ಟು ಉಬ್ಬಲು ಸತಾಯಿಸುವ ಹಾಗೆ ಇದೂ ಸತಾಯಿಸುತ್ತದೆ. ಆಗ ನಮ್ಮ ಅತ್ತೆ ಭರಣಿಯನ್ನು ಬಚ್ಚಲೊಲೆಯ ಬಳಿಯ ಕಟ್ಟೆಗೆ ಸಾಗಿಸುತ್ತಾರೆ.

ಇನ್ನು ಪಾನಕ. ಒಂದು ಲೀಟರು ನೀರಿಗೆ ಸಣ್ಣ ಹಿಡಿಯಷ್ಟು ಒಣ ಪುನರ್ಪುಳಿ ಸಿಪ್ಪೆ ನೆನೆಹಾಕಿ, ಬಣ್ಣ ಬಿಟ್ಟ ಮೇಲೆ 80 ಗ್ರಾಂ ಸಕ್ಕರೆ ಹಾಕಿ ಒಂದು ಕುದಿ ಬರಿಸಿ ಸೋಸುತ್ತೇನೆ. ತೀರಾ ಗಟ್ಟಿಯಾಗಿ ಮಾಡಬಾರದು, ಹುಳಿ ಹೆಚ್ಚಾದರೆ ಯೀಸ್ಟಿನ ಕೆಲಸ ನಿಧಾನ. ಪೂರ್ತಿ ತಣಿದ ಮೇಲೆಯೇ 60 ಮಿಲಿಲೀಟರಿನಷ್ಟು ಸೋಸಿದ ಹೆಪ್ಪು ಬೆರೆಸಬೇಕು. ಬಿಸಿ ಇದ್ದರೆ ಯೀಸ್ಟ್ ಸತ್ತೇ ಹೋಗುತ್ತದೆ. ಸಕ್ಕರೆಯಲ್ಲಿ ಒಂದು ಪಾಲು ಗ್ಯಾಸಿಗೆ ಖರ್ಚಾಗುವುದರಿಂದ ಕುಡಿಯುವಾಗ ಸಿಹಿ ಇನ್ನೂ ಹಿತವಾಗಿರುತ್ತದೆ.

ಬಾಟಲಿಯ ಮಾತನ್ನು ಮಾತ್ರ ಯಾರೂ ಹಗುರವಾಗಿ ಎಣಿಸಬಾರದು. ತಂಪು ಪಾನೀಯ ಬರುವ ದಪ್ಪ ಪ್ಲಾಸ್ಟಿಕ್ ಬಾಟಲಿಯೇ ಬೇಕು. ಅದರ ತಳದ ಉಬ್ಬುತಗ್ಗಿನ ಕಾಲುಗಳಿರುವುದು ಗ್ಯಾಸಿನ ಒತ್ತಡ ತಡೆಯಲೆಂದೇ. ನೀರಿನ ತೆಳು ಬಾಟಲಿ ಆಗದು. ಮಿಠಾಯಿ, ಜೇನು ಬಂದ ಗಾಜಿನ ಬಾಟಲಿಯಂತೂ ಬೇಡವೇ ಬೇಡ. ಒಡೆದರೆ ಚೂರು ಕಣ್ಣಿಗೇ ಹಾರಬಹುದು, ಮಕ್ಕಳು ಓಡಾಡುವ ಮನೆ ನಮ್ಮದು. ಗೋಲಿ ಸೋಡಾದ ಗಾಜು ತಾಳುತ್ತದಲ್ಲ ಎನ್ನುವವರಿದ್ದಾರೆ. ಹೈರಮ್ ಕಾಡ್ 1870ರ ದಶಕದಲ್ಲಿ ರೂಪಿಸಿದ ಆ ಬಾಟಲಿಯ ದಪ್ಪವೇ ಬೇರೆ, ಮೇಲಾಗಿ ಅದಕ್ಕೆ ತುಂಬುವುದು ಅಳೆದ ಗ್ಯಾಸ್. ನಮ್ಮ ಹೆಪ್ಪು ಸಕ್ಕರೆ ಇರುವ ತನಕ ಗ್ಯಾಸ್ ಬಿಡುತ್ತಲೇ ಇರುತ್ತದೆ.

ಮೇಲೆ ಮೂರು ಬೆರಳು ಜಾಗ ಬಿಟ್ಟು ತುಂಬಿಸಿ, ಮುಚ್ಚಳ ಬಿಗಿದು, ನೆರಳಿನಲ್ಲಿಟ್ಟ ಮೇಲೆ ಕೆಲಸವೆಲ್ಲ ಹೆಬ್ಬೆರಳಿನದು. ಹೊತ್ತುಹೊತ್ತಿಗೆ ಬಾಟಲಿಯ ಹೊಟ್ಟೆ ಒತ್ತಿ ನೋಡುತ್ತೇನೆ. ಮೊದಲು ಒತ್ತಿದಲ್ಲಿ ತಗ್ಗುತ್ತದೆ, ಆಮೇಲೆ ಪುಟಿಯುತ್ತದೆ, ಕೊನೆಗೆ ಅಂಗಡಿಯಿಂದ ತಂದ ಮುಚ್ಚಿದ ಬಾಟಲಿಯಷ್ಟೇ ಗಟ್ಟಿಯಾಗಿ ಬೆರಳನ್ನು ತಡೆಯುತ್ತದೆ. ಆ ಕ್ಷಣವೇ ಫ್ರಿಜ್ಜಿಗೆ. ಬೇಸಿಗೆಯಲ್ಲಿ ಬೆಳಗ್ಗೆ ತುಂಬಿದ್ದು ರಾತ್ರಿಗೇ ಹಾಗಾಗುತ್ತದೆ, ಮಳೆಗಾಲದಲ್ಲಿ ಎರಡು ಮೂರು ದಿನ ಬೇಕಾದೀತು. ಹೊತ್ತು ನೋಡಿ ಬಿಟ್ಟು ಹೋಗುವ ವಸ್ತು ಇದಲ್ಲ. ದೂರ ಪ್ರಯಾಣ ಇರುವಾಗ ನಾನು ಬಾಟಲಿ ತುಂಬುವುದೇ ಇಲ್ಲ.

ಫ್ರಿಜ್ಜಿನಲ್ಲಿ ಒಂದು ರಾತ್ರಿ ಪೂರ್ತಿ ಇರಲಿ. ಯೀಸ್ಟ್ ಮಂದವಾಗುವುದು ಒಂದು ಲಾಭ, ಗ್ಯಾಸ್ ನೀರಿಗೆ ಇಳಿಯುವುದು ಇನ್ನೊಂದು: ಒಂದೇ ಒತ್ತಡದಲ್ಲಿ 0 ಡಿಗ್ರಿಯ ನೀರು 20 ಡಿಗ್ರಿಯ ನೀರಿಗಿಂತ ಸುಮಾರು ಎರಡು ಪಟ್ಟು ಇಂಗಾಲದ ಡೈಆಕ್ಸೈಡ್ ಹಿಡಿದಿಟ್ಟುಕೊಳ್ಳುತ್ತದೆ. ಮುಚ್ಚಳವನ್ನು ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ, ತುಸುತುಸುವೇ ತಿರುಗಿಸಿ ತೆರೆಯಬೇಕು. ಉಪ್ಪು, ಜೀರಿಗೆ ಪುಡಿ ಬೇಕಿದ್ದರೆ ಲೋಟದ ತಳಕ್ಕೆ ಹಾಕಿ ಮೇಲಿನಿಂದ ಸೋಡಾ ಸುರಿಯಿರಿ. ಬಾಟಲಿಗೆ ಹಾಕಿದರೆ ಎಲ್ಲ ಉಕ್ಕಿ ಹೊರಗೆ ಬರುತ್ತದೆ.

ಯೀಸ್ಟ್ ಸಕ್ಕರೆ ತಿಂದಾಗ ಗ್ಯಾಸಿನ ಜೊತೆ ಒಂದಿಷ್ಟು ಮದ್ಯಸಾರವೂ ಹುಟ್ಟುತ್ತದೆ. ಬೇಗ ತಂಪಿಗಿಟ್ಟರೆ ಅತ್ಯಲ್ಪ, ಹೊರಗೆ ಬಿಟ್ಟಷ್ಟೂ ಹೆಚ್ಚು. ಇದನ್ನು ಮನೆಗೆ ಬಂದವರಿಗೆ ಮೊದಲೇ ಹೇಳುತ್ತೇನೆ. ಎಳೆ ಮಕ್ಕಳಿಗೆ, ಬಸುರಿಯರಿಗೆ, ವ್ರತ ನೇಮದವರಿಗೆ ಬರಿಯ ಶರಬತ್ತು ಕೊಡುತ್ತೇನೆ. ಸಕ್ಕರೆ ಕಾಯಿಲೆಯ ಮಾವನವರಿಗೆ ಸಿಹಿಯಿಲ್ಲದ ಪುನರ್ಪುಳಿ ನೀರು.

ತುಂಬಿದ ಬಾಟಲಿಗಳನ್ನು ನಾಲ್ಕೈದು ದಿನದೊಳಗೆ ಮುಗಿಸುವುದು ಒಳ್ಳೆಯದು. ಹೆಪ್ಪು ಮಾತ್ರ ಬಾಳಿಕೆಯದು. ಬಳಸಿದಷ್ಟು ನೀರು, ಶುಂಠಿ, ಸಕ್ಕರೆ ಮತ್ತೆ ಸೇರಿಸಿ ಫ್ರಿಜ್ಜಿನಲ್ಲಿಟ್ಟು ವಾರಕ್ಕೊಮ್ಮೆ ಒಂದು ಚಮಚ ಸಕ್ಕರೆ ಕೊಡುತ್ತಿದ್ದರೆ ಸಾಕು. ಸೋಡಾ ಬೇಕೆನಿಸಿದಾಗ ಹಿಂದಿನ ದಿನ ಭರಣಿಯನ್ನು ಹೊರಗಿಟ್ಟು ಕದಡಿದರೆ ಮರುದಿನಕ್ಕೆ ನೊರೆ ಕಟ್ಟಿರುತ್ತದೆ.