ಮಕ್ಕಳಿಗೆ ನಿಯಮ ಹಾಕುವ ಮೊದಲು ದೊಡ್ಡವರು ಕೂತು ಮಾತಾಡಿದೆವು

ನಮ್ಮದು ಶಿವಮೊಗ್ಗ. ಮನೆಯಲ್ಲಿ ಐದು ಜನ: ನಾನು, ನಮ್ಮನೆಯವರು, ಅತ್ತೆ, ಏಳನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಶಾಲೆ ಬಿಟ್ಟ ಮೇಲೆ ನಾವು ಬರುವ ತನಕ ಮಕ್ಕಳು ಅತ್ತೆಯ ಜೊತೆ ಇರುತ್ತಾರೆ.

ಮನೆಯ ನಿಯಮದ ಮಾತು ಬಂದಾಗ ಎಲ್ಲರೂ "ಮಕ್ಕಳು ಕೇಳಬೇಕಲ್ಲಾ" ಎನ್ನುತ್ತಾರೆ. ಮಕ್ಕಳು ಕೇಳುವುದು ಆಮೇಲಿನ ಮಾತು. ಮೊದಲು ಮನೆಯ ದೊಡ್ಡವರೆಲ್ಲ ಒಂದೇ ಮಾತು ಆಡಬೇಕು. ಅಮ್ಮ ಬೇಡ ಅಂದಿದ್ದನ್ನು ಅಜ್ಜಿ ಕೊಡುತ್ತಾರೆ, ಅಪ್ಪ ಕಂಡೂ ಕಾಣದ ಹಾಗೆ ಇರುತ್ತಾರೆ ಅಂತ ಗೊತ್ತಾದರೆ ಯಾವ ಮಗುವೂ ಸುಮ್ನೆ ಕೂರುವುದಿಲ್ಲ. ಅದನ್ನು ನಾನು ಹಟ ಅನ್ನಲ್ಲ. ಯಾರ ಹತ್ತಿರ ಕೇಳಿದರೆ ಸಿಗುತ್ತೆ ಅಂತ ಕಂಡುಕೊಂಡಿದೆ, ಅಷ್ಟೇ.

ಅದಕ್ಕೇ ಒಂದು ರಾತ್ರಿ ಮಕ್ಕಳು ಮಲಗಿದ ಮೇಲೆ ನಾವು ಮೂವರು ಕೂತೆವು. ದಿನಾ ಕಿರುಚಾಟ ಆಗುವುದು ಯಾವುದಕ್ಕೆ ಅಂತ ಒಬ್ಬೊಬ್ಬರೂ ಹೇಳುತ್ತಾ ಹೋದೆವು. ಬಾಗಿಲ ಎದುರು ಚೆಲ್ಲಾಪಿಲ್ಲಿ ಚಪ್ಪಲಿ, ಹಾಸಿಗೆ ಮೇಲೆ ಒದ್ದೆ ಟವೆಲ್, ಊಟಕ್ಕೆ ಹತ್ತು ಸಲ ಕರೆಯುವುದು, ಅಕ್ಕ ತಮ್ಮನ ಜಗಳ, ಎಲ್ಲದಕ್ಕಿಂತ ಜಾಸ್ತಿ ಮೊಬೈಲ್. ಇದರಲ್ಲಿ ಯಾವುದಕ್ಕೆ ಮೂವರೂ ಪಟ್ಟು ಬಿಡದೆ ನಿಲ್ಲಬಲ್ಲೆವು ಅಂತ ನೋಡಿದೆವು. ಸುಸ್ತಾದ ದಿನವೂ, ನೆಂಟರು ಬಂದ ದಿನವೂ. ಹಾಗೆ ಸೋಸಿದಾಗ ಉಳಿದದ್ದು ಐದೇ. ಒದ್ದೆ ಟವೆಲ್, ಚಪ್ಪಲಿ ಎಲ್ಲ ಬೇಕಂತಲೇ ಬಿಟ್ಟೆವು. ಅವುಗಳ ಬಗ್ಗೆ ಹೇಳುತ್ತಾ ಇರಬಹುದು, ಆದರೆ ನಿಯಮ ಮಾಡಿದರೆ ಕಾಯಬೇಕು. ಇಪ್ಪತ್ತು ನಿಯಮ ಕಾಯುವ ಶಕ್ತಿ ಯಾವ ಮನೆಗೂ ಇಲ್ಲ.

ಆ ಐದು ಇವು. ಹೇಳದೆ ಹೊರಗೆ ಹೋಗುವಂತಿಲ್ಲ, ಬೀದಿ ದೀಪ ಹತ್ತಿದರೆ ಮನೆಗೆ ಬರಬೇಕು. ಯಾರ ಮೇಲೂ ಕೈ ಎತ್ತುವಂತಿಲ್ಲ. ಉಂಡ ತಟ್ಟೆಯನ್ನು ತಾವೇ ಸಿಂಕಿಗೆ ಹಾಕಬೇಕು. ಶಾಲೆ ಇರುವ ದಿನ ಮೊಬೈಲ್ ಅರ್ಧ ಗಂಟೆ, ಅದೂ ಹೋಂವರ್ಕ್ ಮುಗಿಸಿ, ಹಾಲ್‌ನಲ್ಲಿ ಕೂತು. ಊಟದ ಹೊತ್ತಲ್ಲಿ ಇಲ್ಲವೇ ಇಲ್ಲ. ರಾತ್ರಿ ಒಂಬತ್ತಕ್ಕೆ ಹಾಸಿಗೆ.

ಮುಂದಿನ ಭಾನುವಾರ ತಿಂಡಿ ಆದ ಮೇಲೆ ಮಕ್ಕಳನ್ನೂ ಕೂರಿಸಿಕೊಂಡು, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದೆವು. ನಿಯಮ ಮುರಿಯಿತೋ ಇಲ್ಲವೋ ಅಂತ ನೋಡಿದ ಕೂಡಲೇ ಯಾರಿಗಾದರೂ ಗೊತ್ತಾಗಬೇಕು, ಇದೊಂದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ನಮ್ಮನೆಯವರು "ಗಲಾಟೆ ಮಾಡಬಾರದು ಅಂತ ಬರಿ" ಅಂದರು. ಎಷ್ಟು ಜೋರಾದರೆ ಗಲಾಟೆ? ನನಗೆ ತಲೆನೋವಿದ್ದರೆ ಪಿಸುಮಾತೂ ಗಲಾಟೆಯೇ. ಅದನ್ನು ಬಿಟ್ಟೆವು. "ಬೇಗ ಮನೆಗೆ ಬಾ" ಅನ್ನುವುದೂ ಅಂಥದ್ದೇ. ಆರು ಗಂಟೆ ಅಂತ ಬರೆಯೋಣ ಅಂದರೆ ಚಿಕ್ಕವನ ಹತ್ತಿರ ವಾಚ್ ಇಲ್ಲ. ಹೊತ್ತು ಮುಳುಗುವುದು ನವೆಂಬರ್‌ನಲ್ಲಿ ಆರರ ಆಸುಪಾಸು, ಜೂನ್ ಕೊನೆಗೆ ಏಳರ ಹತ್ತಿರ. ಬೀದಿ ದೀಪಕ್ಕೆ ಈ ಲೆಕ್ಕವೆಲ್ಲ ಬೇಡ. ಹತ್ತಿತಾ, ಒಳಗೆ ಬಾ. "ನಂಗೆ ಗೊತ್ತಾಗಲಿಲ್ಲ" ಅನ್ನುವ ಮಾತೇ ಅಲ್ಲಿಗೆ ನಿಂತಿತು.

ಮಲಗುವ ಹೊತ್ತನ್ನು ಮಕ್ಕಳ ಮುಂದೆಯೇ ಲೆಕ್ಕ ಹಾಕಿದೆವು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ತಜ್ಞರ ಸಂಸ್ಥೆ 2016ರಲ್ಲೇ ಹೇಳಿದೆ. ಶಾಲೆಯ ವ್ಯಾನಿಗಾಗಿ ಆರೂವರೆಗೆ ಏಳಬೇಕು. ಒಂಬತ್ತಕ್ಕೆ ಹಾಸಿಗೆ, ಒಂಬತ್ತೂವರೆ ಒಳಗೆ ನಿದ್ದೆ. ಬೆರಳು ಮಡಿಸಿ ಎಣಿಸಿದ್ದು ಚಿಕ್ಕವನೇ.

ದೊಡ್ಡವಳು ಅಲ್ಲಿ ತನಕ ಸುಮ್ನಿದ್ದು, "ಊಟ ಮಾಡುವಾಗ ಅಪ್ಪನೂ ಮೊಬೈಲ್ ನೋಡ್ತಾರಲ್ಲ?" ಅಂದಳು. ನಿಜವಾದ ಮಾತು. ಅವರು ಆಫೀಸಿನ ಫೋನ್ ಅಂದರು. ಕೊನೆಗೆ, ಕರೆ ಬಂದರೆ ಎದ್ದು ಹೊರಗೆ ಹೋಗಿ ಮಾತಾಡಬೇಕು, ತಟ್ಟೆ ಮುಂದೆ ಇಟ್ಟುಕೊಂಡು ನೋಡುವುದು ದೊಡ್ಡವರಿಗೂ ಇಲ್ಲ ಅಂತ ಸೇರಿಸಿದೆವು. ಕೈ ಎತ್ತುವಂತಿಲ್ಲ ಅನ್ನುವುದೂ ಹಾಗೇ, ಎಲ್ಲರಿಗೂ. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮೇಷ್ಟ್ರು ಹೊಡೆಯಬಾರದು ಅನ್ನುವ ನಾವು ಮನೆಯಲ್ಲಿ ಹೊಡೆಯುವುದು ಯಾವ ನ್ಯಾಯ? ಅತ್ತೆಯೂ ಸೇರಿ ಐದು ಜನರೂ ಹಾಳೆಯ ಕೆಳಗೆ ಸಹಿ ಹಾಕಿದೆವು. ಚಿಕ್ಕವನು ತನ್ನ ಹೆಸರಿನ ಪಕ್ಕ ಒಂದು ಆಟೋ ಬರೆದ.

ಇನ್ನು ಮೊಬೈಲ್. ಭಾರತೀಯ ಮಕ್ಕಳ ವೈದ್ಯರ ಸಂಘ, ಅಂದರೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಎರಡು ವರ್ಷದ ಒಳಗಿನವರಿಗೆ ಪರದೆಯೇ ಬೇಡ, ಎರಡರಿಂದ ಐದರವರಿಗೆ ಹೆಚ್ಚೆಂದರೆ ಒಂದು ಗಂಟೆ, ಐದರಿಂದ ಹತ್ತರವರಿಗೆ ಎರಡು ಗಂಟೆಗಿಂತ ಕಡಿಮೆ ಅನ್ನುತ್ತದೆ. ಟಿವಿಯೂ ಈ ಲೆಕ್ಕದಲ್ಲೇ ಬರುತ್ತದೆ. ಅತ್ತೆ ಸಂಜೆ ಧಾರಾವಾಹಿ ನೋಡುವಾಗ ಇವರೂ ಪಕ್ಕದಲ್ಲಿ ಕೂರುತ್ತಾರೆ, ಅದಕ್ಕೇ ಮೊಬೈಲ್‌ಗೆ ಅರ್ಧ ಗಂಟೆ ಸಾಕು ಅಂದುಕೊಂಡೆವು.

ಸಮಯ ಗೊತ್ತುಮಾಡುವುದು ಸುಲಭ, ಕೈಯಿಂದ ಬಿಡಿಸುವುದೇ ಕಷ್ಟ ಅಲ್ವಾ? ನಾನು ಮಾಡುವುದು ಹೀಗೆ. ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ತಾನೇ ಶುರುವಾಗುವ ಆಟೋಪ್ಲೇಯನ್ನು ಆಫ್ ಮಾಡಿಟ್ಟಿದ್ದೇನೆ. ಅರ್ಧ ಗಂಟೆಗೆ ಟೈಮ್‌ಪೀಸ್‌ನಲ್ಲಿ ಅಲಾರಂ ಇಡುತ್ತೇವೆ. ಮುಗಿಯಲು ಐದು ನಿಮಿಷ ಇದೆ ಅನ್ನುವಾಗ ಹತ್ತಿರ ಹೋಗಿ, ಭುಜ ಮುಟ್ಟಿ ಹೇಳುತ್ತೇನೆ. ಅಡುಗೆಮನೆಯಿಂದ ಕೂಗಿದರೆ ಚಿಕ್ಕವನು "ಹೂಂ" ಅನ್ನುತ್ತಾನೆ, ಕಿವಿಗೆ ಬಿದ್ದಿರುವುದಿಲ್ಲ. ಅಲಾರಂ ಹೊಡೆದ ಮೇಲೆ ಕೈ ಚಾಚಿ ನಿಲ್ಲುತ್ತೇನೆ. ಕಿತ್ತುಕೊಳ್ಳುವುದಿಲ್ಲ.

"ಅಮ್ಮಾ, ಇನ್ನೊಂದೇ ಒಂದು."

"ಅಲಾರಂ ಆಯ್ತು, ಪುಟ್ಟ."

"ಚಿಕ್ಕದು ಅಮ್ಮಾ, ಪ್ಲೀಸ್."

"ಅಲಾರಂ ಆಯ್ತು."

ಇದಕ್ಕಿಂತ ಹೆಚ್ಚು ಮಾತಿಲ್ಲ. ಕಣ್ಣು ಹಾಳಾಗುತ್ತೆ, ಪರೀಕ್ಷೆ ಬಂತು ಅಂತ ಕಾರಣ ಹೇಳಲು ಹೋದರೆ ಅಲ್ಲೇ ವಾದ ಶುರು. ಕಾರಣಗಳನ್ನು ಭಾನುವಾರ ಹೇಳಿ ಆಗಿದೆ. ತಾನಾಗಿ ಕೊಟ್ಟರೆ ನಾಳೆಯ ಅರ್ಧ ಗಂಟೆ ಪೂರ್ತಿ ಸಿಗುತ್ತದೆ. ಹತ್ತು ನಿಮಿಷ ಎಳೆದರೆ ನಾಳೆ ಹತ್ತು ನಿಮಿಷ ಕಡಿತ. ಇದೂ ಹಾಳೆಯ ಮೇಲೇ ಇದೆ, ಹಾಗಾಗಿ ನಾನು ಸಿಟ್ಟಾಗುವ ಅಗತ್ಯವೇ ಬರುವುದಿಲ್ಲ.

ಶುರುವಿನಲ್ಲಿ ಅಳು ಕಡಿಮೆ ಆಗಲಿಲ್ಲ, ಇನ್ನೂ ಜಾಸ್ತಿಯಾಯಿತು. ನೆಲದ ಮೇಲೆ ಉರುಳಾಡಿದ್ದೂ ಉಂಟು. ಇಷ್ಟು ದಿನ ಅತ್ತರೆ ಸಿಗುತ್ತಿದ್ದದ್ದು ಈಗ ಸಿಗದಿದ್ದರೆ ಮಗು ಮೊದಲು ಇನ್ನೂ ಜೋರಾಗಿ ಅಳುತ್ತದೆ, ಆಮೇಲೆ ಬಿಡುತ್ತದೆ. ಇದು ನನಗೆ ಮೊದಲೇ ಗೊತ್ತಿದ್ದರಿಂದ ತಡೆದುಕೊಂಡೆ. ಈ ಹೊತ್ತಲ್ಲಿ "ಹೋಗ್ಲಿ ಬಿಡು, ಇವತ್ತೊಂದಿನ" ಅಂತ ಕೊಟ್ಟುಬಿಟ್ಟರೆ ಕಷ್ಟ. ಬಿ.ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಪ್ರತಿ ಸಲ ಸಿಗುವ ಕಾಳಿಗಿಂತ ಯಾವಾಗಲೋ ಒಮ್ಮೆ ಸಿಗುವ ಕಾಳಿಗಾಗಿ ಅವು ಹೆಚ್ಚು ಹೊತ್ತು ಪಟ್ಟು ಬಿಡದೆ ಪಂಜರದ ಗುಂಡಿ ಒತ್ತುತ್ತಲೇ ಇರುತ್ತವೆ.

ಹಾಗಂತ ರಿಯಾಯಿತಿಯೇ ಇಲ್ಲ ಅಂತಲ್ಲ. ಹಬ್ಬ, ಊರಿಗೆ ಹೋದಾಗ, ಅತ್ತಿಗೆಯ ಮಕ್ಕಳು ಬಂದಾಗ ಒಂಬತ್ತರ ನಿಯಮಕ್ಕೆ ರಜೆ. ಆದರೆ ಅದನ್ನು ಬೆಳಗ್ಗೆಯೇ ಹೇಳಿಬಿಡುತ್ತೇವೆ. ಅಳುವ ಮೊದಲೇ ಕೊಟ್ಟಿದ್ದು ಪ್ರೀತಿಯಿಂದ ಕೊಟ್ಟ ಹಾಗೆ. ಅತ್ತ ಮೇಲೆ ಕೊಟ್ಟರೆ ಅಳುವಿಗೆ ಕೊಟ್ಟ ಹಾಗಾಗುತ್ತೆ.

ಅತ್ತೆಯ ವಿಷಯ ಸ್ವಲ್ಪ ನಾಜೂಕು. ಚಿಕ್ಕವನಿಗೆ ಊಟ ಮಾಡಿಸುವಾಗ ಮೊಬೈಲ್ ಕೊಟ್ಟರೆ ನಾಲ್ಕು ತುತ್ತು ಜಾಸ್ತಿ ಹೋಗುತ್ತೆ ಅನ್ನುವುದು ಅವರ ಅಭ್ಯಾಸ. ಮಗು ಹಸಿದಿರಬಾರದು ಅನ್ನುವ ಕಾಳಜಿ ಅದು. ನಾನು ಎದುರು ಮಾತಾಡಲಿಲ್ಲ, "ಅತ್ತೆ, ನಾವಿಬ್ಬರೂ ಮನೇಲಿ ಇರಲ್ಲ, ಈ ಮೊಬೈಲ್ ನಿಮ್ಮ ಬೀರುವಿನಲ್ಲೇ ಇರಲಿ. ನೀವು ತೆಗೆದು ಕೊಟ್ಟರೆ ಮಾತ್ರ ಅವರಿಗೆ" ಅಂದೆ. "ನಾನು ಕೊಡದಿದ್ದರೆ ಅವನು ಉಣ್ಣಲ್ಲ ಕಣೇ" ಅಂದರು. ಊಟಕ್ಕೆ ಮೊಬೈಲ್ ಬದಲು ಕಥೆ ಹೇಳಿ ನೋಡಿ ಅಂದೆ. ಅವರು ಸಾಗರದ ಕಡೆಯ ಹಳ್ಳಿಯವರು, ಚಿಕ್ಕಂದಿನಲ್ಲಿ ತೋಟದಲ್ಲಿ ಕಂಡದ್ದು, ಮಳೆಗಾಲದಲ್ಲಿ ಹೊಳೆ ದಾಟಿದ್ದು ಎಲ್ಲ ಹೇಳುತ್ತಾರೆ. ಬೀರುವಿನ ಕೀಲಿ ಅವರ ಸೊಂಟದಲ್ಲೇ ಇರುವುದರಿಂದ ಈಗ ನಮ್ಮ ಮನೆಯಲ್ಲಿ ಆ ನಿಯಮವನ್ನು ಎಲ್ಲರಿಗಿಂತ ಗಟ್ಟಿಯಾಗಿ ಕಾಯುವವರು ಅವರೇ.

ತಪ್ಪಿಗೆ ಏನು ಮಾಡುವುದು ಅನ್ನುವಲ್ಲಿ ನಮ್ಮನೆಯವರು ದಂಡ ಹಾಕೋಣ, ಹುಂಡಿಯಿಂದ ಐದು ರೂಪಾಯಿ ಅಂದರು. ನಾನು ಒಪ್ಪಲಿಲ್ಲ. ಇಸ್ರೇಲಿನ ಹೈಫಾದಲ್ಲಿ ಹತ್ತು ಶಿಶುವಿಹಾರಗಳ ಮೇಲೆ ಒಂದು ಅಧ್ಯಯನ ನಡೆದಿತ್ತು, 2000ದಲ್ಲಿ ಪ್ರಕಟವಾಯಿತು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಅಪ್ಪ ಅಮ್ಮಂದಿರಿಗೆ ಆರು ಕಡೆ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು. ದುಡ್ಡು ಕೊಟ್ಟರೆ ಲೆಕ್ಕ ಚುಕ್ತಾ ಅಂತ ಅವರಿಗೆ ಅನಿಸಿತು. ದಂಡ ತೆಗೆದ ಮೇಲೂ ಅವರು ಮೊದಲಿನಂತೆ ಹೊತ್ತಿಗೆ ಬರಲಿಲ್ಲ. ದೊಡ್ಡವರೇ ಹೀಗಾದರೆ, ಅಜ್ಜಿ ಕೊಟ್ಟ ದುಡ್ಡು ಕೈಯಲ್ಲಿರುವ ಹುಡುಗ ಐದು ರೂಪಾಯಿ ಬಿಸಾಕಿ ತಟ್ಟೆ ಅಲ್ಲೇ ಬಿಡುವುದಿಲ್ಲವೇ? ನಮ್ಮಲ್ಲಿ ತಟ್ಟೆ ಬಿಟ್ಟು ಎದ್ದರೆ ವಾಪಸ್ ಕರೆದು ಎತ್ತಿಸುತ್ತೇವೆ, ಟಿವಿ ಮುಂದೆ ಕೂತಿದ್ದರೂ ಸರಿ. ದೀಪ ಹತ್ತಿದ ಮೇಲೆ ಬಂದರೆ ಮರುದಿನ ಆಟ ನಮ್ಮ ಗೇಟಿನ ಒಳಗೆ. ಅಕ್ಕನಿಗೆ ಹೊಡೆದರೆ ಇಬ್ಬರೂ ಬೇರೆ ಬೇರೆ ಕೋಣೆ, ಸಿಟ್ಟಿಳಿದ ಮೇಲೆ ಮಾತು. ತಪ್ಪು ಯಾವುದೋ ಅದರ ಜೊತೆಗೇ ಶಿಕ್ಷೆ ಹೊಂದಿರಬೇಕು, ಅಷ್ಟೇ ಪುಟ್ಟದಾಗಿಯೂ ಇರಬೇಕು.

ಹೆದರಿಸುವುದನ್ನು ಮಾತ್ರ ನಾವು ಯಾರೂ ಮಾಡುವುದಿಲ್ಲ. "ನಿಮ್ಮಪ್ಪ ಬರ್ಲಿ" ಅಂದರೆ ಅಪ್ಪ ಬಂದಾಗ ಮಗು ಓಡಿ ಬರಲ್ಲ, ಅಡಗಿಕೊಳ್ಳುತ್ತದೆ. "ಪೊಲೀಸ್ ಹಿಡ್ಕೊಂಡು ಹೋಗ್ತಾನೆ" ಅನ್ನುವುದಂತೂ ನನಗೆ ಸಹಿಸಲಾಗದ ಮಾತು. ಜಾತ್ರೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಮಗು ತಪ್ಪಿಸಿಕೊಂಡರೆ ಅದು ಯಾರ ಹತ್ತಿರ ಓಡಬೇಕು? ನಮ್ಮ ಮಕ್ಕಳಿಗೆ ಪೊಲೀಸರ ಹತ್ತಿರ ಹೋಗಿ ಹೆಸರು ಹೇಳಬೇಕು ಅಂತ ಕಲಿಸಿದ್ದೇವೆ. ಮಕ್ಕಳ ಸಹಾಯವಾಣಿ 1098 ನಂಬರ್ ಇಬ್ಬರಿಗೂ ಬಾಯಿಪಾಠ ಬರುತ್ತದೆ.

ಈಗ ದೊಡ್ಡವಳು ಮಲಗುವ ಹೊತ್ತನ್ನು ಹತ್ತಕ್ಕೆ ಹಾಕಬೇಕು ಅಂತ ನೋಟ್‌ಬುಕ್ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟಿದ್ದಾಳೆ. ಓದುವುದು ಜಾಸ್ತಿ ಇದೆ, ತಮ್ಮನ ಹೊತ್ತಿಗೇ ನಾನೂ ಮಲಗಬೇಕಾ ಅನ್ನುವುದು ಅವಳ ವಾದ. ಎರಡೂ ಸರಿಯಾದ ಮಾತೇ. ಆದರೆ ಅವಳಿಗೆ ಹನ್ನೆರಡು, ಒಂಬತ್ತು ಗಂಟೆ ನಿದ್ದೆಯ ಲೆಕ್ಕ ಅವಳಿಗೂ ಇದೆ. ಒಂಬತ್ತೂವರೆಗೆ ಒಪ್ಪಿದ್ದೇವೆ, ಬೆಳಗ್ಗೆ ಯಾರೂ ಎಬ್ಬಿಸದೆ ತಾನೇ ಏಳಬೇಕು ಅನ್ನುವ ಷರತ್ತಿನ ಮೇಲೆ. ದಸರಾ ರಜೆ ತನಕ ಹೀಗೆ ನಡೆಯಲಿ, ಆಮೇಲೆ ಐದೂ ಜನ ಮತ್ತೆ ಕೂರುತ್ತೇವೆ. ಚಿಕ್ಕವನು ಈಗಾಗಲೇ ತನಗೂ ಒಂದು ಅರ್ಜಿ ಬರೆದುಕೊಡು ಅಂತ ಅಕ್ಕನ ಬೆನ್ನು ಹತ್ತಿದ್ದಾನೆ.