ಕೋಲಾರದ ಗಡಸು ನೀರಿಗೆ ಒಗ್ಗಿದ ಮೀನು

ಬಂಗಾರಪೇಟೆ ರಸ್ತೆಯ ಹೋಟೆಲೊಂದು ಬಾಗಿಲು ಹಾಕಿದಾಗ ಅದರ ಹಿತ್ತಲಲ್ಲಿ ಬಿದ್ದಿದ್ದ ಗಾಜಿನ ತೊಟ್ಟಿ ನನ್ನ ಕಣ್ಣಿಗೆ ಬಿತ್ತು. ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ, 12 ಮಿಲಿಮೀಟರ್ ಗಾಜು. ಒಳಗೆಲ್ಲ ಒಣಗಿದ ಪಾಚಿ, ಅಂಚಿನುದ್ದಕ್ಕೂ ಸುಣ್ಣದ ಬಿಳಿ ಪಟ್ಟಿ. ಕಬ್ಬಿಣದ ಸ್ಟ್ಯಾಂಡ್ ಸಮೇತ 7,000 ರೂಪಾಯಿ ಕೇಳಿದರು.

ದುಡ್ಡು ಕೊಡುವ ಮೊದಲು ಅರ್ಧ ಗಂಟೆ ಅದರ ಮುಂದೆ ಕೂತು ನೋಡಿದೆ. ಅಂಚುಗಳಲ್ಲಿ ಚೂರು ಎದ್ದಿದೆಯಾ ಎಂದು ಬೆರಳಾಡಿಸಿದೆ. ಗೀರುಗಳ ಮೇಲೆ ಉಗುರು ಎಳೆದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಿದ್ದರೆ ಅದು ಬೇಡವೇ ಬೇಡ. ಎಲ್ಲಕ್ಕಿಂತ ಮುಖ್ಯವಾದದ್ದು ಎರಡು ಗಾಜುಗಳ ನಡುವಿನ ಸಿಲಿಕಾನ್ ಅಂಟು. ಒಳಮೂಲೆಯಲ್ಲಿ ಕಾಣುವ ಪಟ್ಟಿ ಕಿತ್ತುಹೋಗಿದ್ದರೂ ಪರವಾಗಿಲ್ಲ, ಅದನ್ನು ಮತ್ತೆ ಹಾಕಬಹುದು. ಗಾಜಿಗೂ ಗಾಜಿಗೂ ನಡುವೆ ಗುಳ್ಳೆ ಎದ್ದು ಬೆಳ್ಳಗಾಗಿದ್ದರೆ ತೊಟ್ಟಿಯನ್ನೇ ಬಿಚ್ಚಿ ಕಟ್ಟಬೇಕು. ಇದರದ್ದು ಗಟ್ಟಿಯಾಗಿತ್ತು.

ಗಾಜಿನ ತೂಕವೇ ನೂರು ಕಿಲೋ ದಾಟುತ್ತದೆ. ಪೂರ್ತಿ ತುಂಬಿದರೆ ಸುಮಾರು 565 ಲೀಟರ್ ನೀರು, ಅಷ್ಟೇ ಕಿಲೋ. ಕಲ್ಲು, ಮರಳು, ಸ್ಟ್ಯಾಂಡ್ ಎಲ್ಲ ಸೇರಿದರೆ ಮುಕ್ಕಾಲು ಟನ್. ಮಹಡಿ ಮೇಲೆ ಇಡೋಣ ಎಂದ ಮಗನಿಗೆ ಈ ಲೆಕ್ಕವನ್ನೇ ಬರೆದು ತೋರಿಸಿದೆ. ಕೆಳಗಿನ ಹಾಲಿನಲ್ಲಿ, ಬಿಸಿಲು ಬೀಳದ ಗೋಡೆಗೆ ಅರ್ಧ ಅಡಿ ಬಿಟ್ಟು ಇಟ್ಟೆವು. ಗಾರೆ ಕೆಲಸದವರ ರಸಮಟ್ಟ ತಂದು ನೋಡಿದರೆ ಸ್ಟ್ಯಾಂಡ್ ಒಂದು ಕಡೆ ಬೆರಳಿನಷ್ಟು ತಗ್ಗು. ಕಾಲಿನ ಕೆಳಗೆ ಕಬ್ಬಿಣದ ತಗಡು ಕೊಟ್ಟು ಸರಿ ಮಾಡಿಸಿದೆ. ಮೇಲೆ ಪ್ಲೈವುಡ್, ಅದರ ಮೇಲೆ ಥರ್ಮೋಕೋಲ್, ಆಮೇಲೆ ತೊಟ್ಟಿ.

ಅದಕ್ಕೂ ಮೊದಲು ಅಂಗಳದಲ್ಲಿ ಪರೀಕ್ಷೆ ನಡೆದಿತ್ತು. ಸುಣ್ಣದ ಕಲೆಗೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಹಾಸಿ ಒಂದು ರಾತ್ರಿ ಬಿಟ್ಟರೆ ಅರ್ಧ ಬಿಟ್ಟುಕೊಳ್ಳುತ್ತದೆ, ಉಳಿದದ್ದನ್ನು ಬ್ಲೇಡಿನಿಂದ ಹೆರೆಯಬಹುದು. ಸೋಪು ಮುಟ್ಟಿಸಲಿಲ್ಲ. ಸುತ್ತ ಪೇಪರ್ ಹಾಸಿ ಅರ್ಧದಷ್ಟು ನೀರು ತುಂಬಿದೆ. ಬೆಳಿಗ್ಗೆ ಹಿಂದಿನ ಮೂಲೆಯ ಪೇಪರ್ ರೂಪಾಯಿ ಅಗಲ ಒದ್ದೆಯಾಗಿತ್ತು. ಸೋರುವ ಜಾಗಕ್ಕಷ್ಟೇ ಒಂದು ತೇಪೆ ಹಾಕಿದರೆ ಸಾಕು ಎಂದು ಎಲ್ಲರೂ ಹೇಳಿದರು. ಸಾಲುವುದಿಲ್ಲ. ಹಳೆಯ ಸಿಲಿಕಾನ್ ಮೇಲೆ ಹೊಸ ಸಿಲಿಕಾನ್ ಕಚ್ಚುವುದಿಲ್ಲ. ಒಳಗಿನ ಪಟ್ಟಿಯನ್ನು ಎಂಟೂ ಅಂಚಿನಿಂದ ಪೂರ್ತಿ ಕಿತ್ತು, ಅಸಿಟೋನ್‌ನಿಂದ ಒರೆಸಿ, ಎರಡೂ ಪಕ್ಕ ಟೇಪ್ ಅಂಟಿಸಿ, ಒಂದೇ ಓಟದಲ್ಲಿ ಎಳೆದು ಬೆರಳಿನಿಂದ ಸವರಿದೆ. ಬಚ್ಚಲಿಗೆಂದು ಮಾರುವ ಸಿಲಿಕಾನ್‌ನಲ್ಲಿ ಬೂಷ್ಟು ಹಿಡಿಯದಿರಲು ಔಷಧಿ ಬೆರೆಸಿರುತ್ತಾರೆ, ಮೀನಿಗೆ ಅದು ವಿಷ; ಅಕ್ವೇರಿಯಂಗೆ ಎಂದೇ ಬರುವುದನ್ನು ಕೇಳಿ ತರಬೇಕು. ಒಣಗುವಾಗ ವಿನೆಗರ್ ವಾಸನೆ ಬರುತ್ತಿರುತ್ತದೆ. ಆ ವಾಸನೆ ಪೂರ್ತಿ ಹೋಗುವ ತನಕ, ಅಂದರೆ ಒಂದು ವಾರ, ನೀರು ಮುಟ್ಟಿಸಲಿಲ್ಲ. ಆಮೇಲೆ ಕಂಠಮಟ್ಟ ತುಂಬಿ ಎರಡು ದಿನ ಬಿಟ್ಟೆ. ಪೇಪರ್ ಒಣಗೇ ಇತ್ತು.

ಇಷ್ಟರ ತನಕ ಎಲ್ಲ ಸರಿಯಾಗಿ ಮಾಡಿದೆ. ನಾನು ಎಡವಿದ್ದು ನೀರಿನಲ್ಲಿ.

ನನ್ನ ಮನಸ್ಸಿನಲ್ಲಿದ್ದದ್ದು ನಿಯಾನ್ ಟೆಟ್ರಾ, ಹಸಿರು ಗಿಡಗಳ ನಡುವೆ ನೀಲಿ ಮಿಂಚಿನ ಹಾಗೆ ಹೋಗುವ ಹಿಂಡು. ಅದು ಅಮೆಜಾನ್ ಸೀಮೆಯ ಮೆದು, ಹುಳಿ ನೀರಿನ ಮೀನು. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣದ ಅಳತೆ, 700; ಹುಳಿ-ಕ್ಷಾರ ಅಳೆಯುವ ಪಿಹೆಚ್ 8ರ ಮೇಲೆ (7 ಎಂದರೆ ಸಮ, ಅದಕ್ಕಿಂತ ಮೇಲೆ ಕ್ಷಾರ). ಪಾತ್ರೆ ಕಾಯಿಸಿದರೆ ತಳದಲ್ಲಿ ಸುಣ್ಣ ಕೂರುತ್ತದೆ. ವಿಜ್ಞಾನದ ಮೇಷ್ಟ್ರಾಗಿ ಇದೆಲ್ಲ ಗೊತ್ತಿದ್ದೂ, ಪಿಹೆಚ್ ಇಳಿಸುವ ದ್ರಾವಣ ತಂದು ಸುರಿದೆ. ಸಂಜೆ ಪಿಹೆಚ್ 7 ತೋರಿಸುತ್ತಿತ್ತು, ಮರುದಿನ ಮಧ್ಯಾಹ್ನಕ್ಕೆ ಮತ್ತೆ 8. ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್ ಹಾಕಿದ ಆಮ್ಲವನ್ನೆಲ್ಲ ನುಂಗುತ್ತದೆ. ನಾನು ಮತ್ತೆ ಸುರಿಯುತ್ತಿದ್ದೆ. ನೀರು ಗಡಸಾಗಿದ್ದದ್ದಕ್ಕಿಂತ ಆ ಏರಿಳಿತವೇ ಮೀನಿಗೆ ಹೆಚ್ಚು ಪೆಟ್ಟು ಕೊಟ್ಟಿತು. ನಲವತ್ತು ಮೀನಿನಲ್ಲಿ ಮೂರು ವಾರಕ್ಕೆ ಹನ್ನೊಂದು ಉಳಿದವು. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಸತ್ತವನ್ನು ಎತ್ತಿ ಕರಿಬೇವಿನ ಬುಡದಲ್ಲಿ ಹೂಳುತ್ತಿದ್ದೆ. ಆ ದಿನಗಳು ಈಗಲೂ ನನಗೆ ನೋವು ಕೊಡುತ್ತವೆ. ಉಳಿದ ಹನ್ನೊಂದನ್ನು ಆರ್‌ಓ ನೀರಲ್ಲಿ ಸಾಕುವ ಗೆಳತಿಯೊಬ್ಬರಿಗೆ ಕೊಟ್ಟೆ.

ಅವರೇ ಕೇಳಿದ್ದು: "ನಿಮ್ಮ ನಲ್ಲಿಲಿ ಬರೋ ನೀರಲ್ಲಿ ಬದುಕೋ ಮೀನು ಯಾವುದು ಅಂತ ಯಾಕೆ ನೋಡಲ್ಲ, ಮೇಡಂ?"

ಹಾಗೆ ಬಂದವು ಆಫ್ರಿಕಾದ ಮಲಾವಿ ಸರೋವರದ, ಸಿಕ್ಲಿಡ್ ಎಂಬ ಕುಟುಂಬದ ಮೀನುಗಳು. ಆ ಸರೋವರದ ಪಿಹೆಚ್ 7.8ರಿಂದ 8.6ರ ಆಸುಪಾಸು. ಗಡಸುತನ ನಮ್ಮಲ್ಲಿಯಷ್ಟಿಲ್ಲ, ನಿಜ. ಆದರೆ ಅಂಗಡಿಗೆ ಬರುವುದು ತಲೆಮಾರುಗಳಿಂದ ತೊಟ್ಟಿಯಲ್ಲೇ ಹುಟ್ಟಿದ ಮೀನು, ಅವು ಗಡಸು ನೀರಿಗೆ ಸುಲಭವಾಗಿ ಒಗ್ಗುತ್ತವೆ. ಎಲೆಕ್ಟ್ರಿಕ್ ಯೆಲ್ಲೋ, ರಸ್ಟಿ, ಕೋಬಾಲ್ಟ್ ಜೀಬ್ರಾ, ಎಲ್ಲ ಸೇರಿ ಇಪ್ಪತ್ತಾರು. ಇವು ಜಗಳಗಂಟ ಮೀನುಗಳು. ನಾಲ್ಕೈದೇ ಬಿಟ್ಟರೆ ಬಲಿಷ್ಠವಾದದ್ದು ಒಂದನ್ನೇ ಅಟ್ಟಿಸಿ ಸಾಯಿಸುತ್ತದೆ. ಸಂಖ್ಯೆ ಹೆಚ್ಚಿದ್ದು ಅವಿತುಕೊಳ್ಳಲು ಕಲ್ಲಿನ ಸಂದಿ ಬೇಕಾದಷ್ಟಿದ್ದರೆ ಪೆಟ್ಟು ಹಂಚಿಹೋಗುತ್ತದೆ. ಕಲ್ಲಿಗೇನು, ಅಂತರಗಂಗೆ ಬೆಟ್ಟದ ಊರಿನಲ್ಲಿ ಕೊರತೆಯೇ? ಕಲ್ಲು ಕೆತ್ತುವವರ ಹತ್ತಿರ ಉಳಿದ ಬೆಣಚು, ಗ್ರಾನೈಟ್ ತುಂಡುಗಳನ್ನು ತಂದು ಉಜ್ಜಿ ತೊಳೆದೆ. ದೊಡ್ಡ ಕಲ್ಲನ್ನು ಮೊದಲು ತಳದಲ್ಲಿ ಕೂರಿಸಿ ಆಮೇಲೆ ಮರಳು ಹಾಕಬೇಕು. ಮರಳಿನ ಮೇಲೆ ಕಲ್ಲಿಟ್ಟರೆ ಮೀನು ಅಡಿಯಲ್ಲಿ ಬಗೆದು ಬೀಳಿಸುತ್ತದೆ.

ಈ ಸಲ ಆರು ವಾರ ಮೀನಿಲ್ಲದೆ ಕಾದೆ. ದಿನಾ ಒಂದು ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಟ್ಟೆ. ಮೊದಲು ಅಮೋನಿಯಾ ಏರಿತು, ಅದು ಇಳಿಯುತ್ತಾ ನೈಟ್ರೈಟ್ ಏರಿತು, ಕೊನೆಗೆ ಎರಡೂ ಸೊನ್ನೆಯಾಗಿ ನೈಟ್ರೇಟ್ ಮಾತ್ರ ಉಳಿಯಿತು. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ; ಅವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಿದ್ದಕ್ಕೆ ಅದೇ ಗುರುತು. ನಮ್ಮಂಥ ಕ್ಷಾರ ನೀರಿನವರು ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು. ಒಟ್ಟು ಅಮೋನಿಯಾ ಅಷ್ಟೇ ಇದ್ದರೂ ಪಿಹೆಚ್ 7ರಿಂದ 8ಕ್ಕೆ ಏರಿದರೆ ವಿಷದ ರೂಪದಲ್ಲಿರುವ ಭಾಗ ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ.

ಫಿಲ್ಟರ್ ಎಂದರೆ ಸ್ಟ್ಯಾಂಡಿನ ಕೆಳಗಿಟ್ಟ ಇನ್ನೊಂದು ಹಳೆಯ ಮೂರಡಿ ತೊಟ್ಟಿ. ಮೇಲಿನ ನೀರು ಪೈಪಿನಲ್ಲಿ ಇಳಿದು, ಸ್ಪಂಜು, ಸೆರಾಮಿಕ್ ರಿಂಗ್ ದಾಟಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ಮೊದಲ ಸಲ ಕರೆಂಟ್ ಹೋದ ರಾತ್ರಿ ಮೇಲೇರುವ ಪೈಪೇ ನೀರನ್ನು ಕೆಳಕ್ಕೆ ಎಳೆದುಕೊಂಡು ಹಾಲ್ ಪೂರ್ತಿ ಕೆರೆಯಾಯಿತು. ಈಗ ಆ ಪೈಪಿಗೆ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಒಂದು ತೂತಿದೆ. ನೀರು ಅಲ್ಲಿಗಿಳಿದ ಕೂಡಲೇ ಗಾಳಿ ನುಗ್ಗಿ ಎಳೆತ ನಿಲ್ಲುತ್ತದೆ. ಕೆಳಗಿನ ತೊಟ್ಟಿಯನ್ನೂ ಮೂರನೇ ಒಂದು ಭಾಗ ಖಾಲಿ ಬಿಟ್ಟಿರುತ್ತೇನೆ. ಇನ್ವರ್ಟರಿಗೆ ಗಾಳಿ ಪಂಪ್ ಒಂದನ್ನೇ ಕೊಟ್ಟಿದ್ದೇನೆ. ಕರೆಂಟ್ ಇಲ್ಲದಾಗ ಮೀನಿಗೆ ಮೊದಲು ಬೇಕಾದದ್ದು ಉಸಿರು. ಡಿಸೆಂಬರ್, ಜನವರಿಯ ಚಳಿಗೆ ಹೀಟರ್ ಬೇಕೇ ಬೇಕು. ದೊಡ್ಡದೊಂದರ ಬದಲು ಚಿಕ್ಕವೆರಡು ಹಾಕಿದ್ದೇನೆ, ಒಂದು ಕೆಟ್ಟು ಉರಿಯುತ್ತಲೇ ಉಳಿದರೂ ನೀರು ಕುದಿಯಬಾರದಲ್ಲ.

ವಾರಕ್ಕೊಮ್ಮೆ, ಭಾನುವಾರ, ಒಂಬತ್ತು ಹತ್ತು ಕೊಡದಷ್ಟು ನೀರು ತೆಗೆದು ಹೊಸದು ತುಂಬುತ್ತೇನೆ. ಅತ್ತೆಗೆ ಇದು ಸಹಿಸಲಾಗದ ವಿಷಯವಾಗಿತ್ತು.

"ಒಂದ್ ಕೊಡ ನೀರಿಗೆ ರಾತ್ರಿಯೆಲ್ಲ ಬೀದಿನಲ್ಲಿ ಕಾದಿದೀನಿ ನಾನು. ಮೀನಿಗೆ ಇಷ್ಟು ಚೆಲ್ಲೋದಾ, ತಾಯಿ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅಂದಿನಿಂದ ತೆಗೆದ ನೀರಿನ ಪೈಪ್ ಹಿತ್ತಲಿಗೆ ಹೋಗುತ್ತದೆ. ನೈಟ್ರೇಟ್ ತುಂಬಿದ ನೀರು ನುಗ್ಗೆ, ಕರಿಬೇವು, ನಾಲ್ಕು ಸಾಲು ಟೊಮೆಟೊಗೆ ಗೊಬ್ಬರವೇ. ಈಗ ಭಾನುವಾರ ಪೈಪ್ ಹಿಡಿಯುವವರು ಅತ್ತೆಯೇ. ಹೊಸ ನೀರನ್ನು ಬೋರ್‌ನಿಂದ ನೇರವಾಗಿ ಬಿಡುವುದಿಲ್ಲ. ಒಮ್ಮೆ ಬಿಟ್ಟು, ಮೀನೆಲ್ಲ ಮೇಲೆ ಬಂದು ಬಾಯಿ ಬಿಡತೊಡಗಿದಾಗ ಬುದ್ಧಿ ಕಲಿತೆ. ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು, ಅದು ಪಿಹೆಚ್ ಇಳಿಸುತ್ತದೆ. ನಮ್ಮ ಬೋರ್ ನೀರು ಬಂದ ಕೂಡಲೇ ಪಿಹೆಚ್ 7.2 ತೋರಿಸುತ್ತದೆ, ಡ್ರಮ್ಮಿನಲ್ಲಿ ರಾತ್ರಿಯೆಲ್ಲ ಗಾಳಿ ಬಿಟ್ಟರೆ ಬೆಳಿಗ್ಗೆ 8.1. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಂದರೆ ಪ್ರತಿ ಸಲವೂ ಅಳೆದು, ಎಂದಿಗಿಂತ ಅರ್ಧ ಮಾತ್ರ ಬದಲಿಸುತ್ತೇನೆ.

ಊಟಕ್ಕೆ ಸ್ಪಿರುಲಿನಾ ಪಾಚಿಯ ಕಾಳು, ಬೇಯಿಸಿದ ಬಟಾಣಿ. ಇವುಗಳಲ್ಲಿ ಹೆಚ್ಚಿನವು ಕಲ್ಲಿನ ಪಾಚಿ ಕೆರೆದು ತಿನ್ನುವ ಜಾತಿ. ಮಾಂಸದ ಆಹಾರ ಹೆಚ್ಚಾದರೆ ಹೊಟ್ಟೆ ಉಬ್ಬಿ ಸಾಯಬಹುದು.

ಕಳೆದ ತಿಂಗಳು ಒಂದು ಹಳದಿ ಮೀನು ಊಟ ಬಿಟ್ಟಿತು, ಗದ್ದ ಉಬ್ಬಿತ್ತು. ಕಾಯಿಲೆಯೆಂದು ಹೆದರಿದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿ, "ಜಿಲೇಬಿ ಮೀನಿನ ಹಂಗೆ ಬಾಯಲ್ಲಿ ಮರಿ ಇಟ್ಕೊಂಡಿದೆ ಕಣಮ್ಮ" ಎಂದರು. ಚಿಕ್ಕಂದಿನಲ್ಲಿ ಕೋಲಾರಮ್ಮನ ಕೆರೆಯಲ್ಲಿ ನೋಡಿದ್ದರಂತೆ. ಜಿಲೇಬಿ ಎಂದರೆ ತಿಲಾಪಿಯಾ, ಅದೂ ಆಫ್ರಿಕಾದ ಸಿಕ್ಲಿಡ್ಡೇ, 1952ರಲ್ಲಿ ಭಾರತಕ್ಕೆ ತಂದದ್ದು. ನನ್ನ ತೊಟ್ಟಿಯ ಮೀನಿನ ನೆಂಟ ನಮ್ಮೂರ ಕೆರೆಯಲ್ಲಿ ಇಷ್ಟು ವರ್ಷದಿಂದ ಇತ್ತು, ನನಗೆ ಹೊಳೆದಿರಲಿಲ್ಲ. ಮೂರು ವಾರ ಏನೂ ತಿನ್ನದೆ ಬಾಯಿ ಮುಚ್ಚಿಕೊಂಡಿದ್ದ ಆ ತಾಯಿ ಒಂದು ಬೆಳಿಗ್ಗೆ ಮರಿಗಳನ್ನು ಕಲ್ಲಿನ ಸಂದಿಯಲ್ಲಿ ಬಿಟ್ಟಿತು. ಒಂಬತ್ತು ಉಳಿದಿವೆ.

ಎಂಟನೇ ತರಗತಿಯ ಹುಡುಗಿಯೊಬ್ಬಳು ನಾಲ್ಕು ಮರಿ ಕೇಳಿದ್ದಾಳೆ. ಅವರದ್ದು ಮುಳಬಾಗಿಲು ರಸ್ತೆಯ ಕಡೆ ಬೇರೆ ಬೋರ್. ಒಂದು ಬಾಟಲಿಯಲ್ಲಿ ಮನೆಯ ನೀರು ಹಿಡಿದು, ಮುಚ್ಚಳ ತೆಗೆದು ಒಂದು ರಾತ್ರಿ ಇಟ್ಟು, ಸೋಮವಾರ ತರಲು ಹೇಳಿದ್ದೇನೆ.