ಗಿಡಕ್ಕೆ ನೀರು ಬೇಕಾ? ಮೈಕ್ರೋಬಿಟ್‌ಗೆ ಮಕ್ಕಳೇ ಹೇಳಿಕೊಡಲಿ

ರಜೆ ಬಂತೆಂದರೆ ಮಕ್ಕಳಿಗೆ ಕೋಡಿಂಗ್ ಕಿಟ್ ತಂದುಕೊಡುವವರು ಈಗ ಜಾಸ್ತಿ. ಆಮೇಲೆ ಆಗುವುದೇನು? ವಿಡಿಯೊ ನೋಡಿಕೊಂಡು ಅಪ್ಪನೇ ಎಲ್ಲ ಜೋಡಿಸುತ್ತಾರೆ, ಮಗು ಪಕ್ಕದಲ್ಲಿ ಕೂತು ಆಕಳಿಸುತ್ತದೆ. ಮಾರನೇ ದಿನ ಕಿಟ್ ಅಟ್ಟ ಸೇರುತ್ತದೆ. ಹಾಗಾಗದಂಥ ಒಂದು ಕೆಲಸ ಇಲ್ಲಿದೆ. ಕುಂಡದ ಮಣ್ಣು ಒಣಗಿದರೆ ಅಳುಮುಖ ತೋರಿಸುವ ಪುಟ್ಟ ಯಂತ್ರ. ಒಂಬತ್ತು ಹತ್ತು ವರ್ಷದ ಮಕ್ಕಳು ಆರಾಮಾಗಿ ಮಾಡಬಹುದು. ದೊಡ್ಡವರಿಗೆ ಒಂದೇ ನಿಯಮ: ಮೌಸ್ ಮುಟ್ಟಬೇಡಿ.

1. ಸಾಮಾನು. ಒಂದು ಮೈಕ್ರೋಬಿಟ್, ಅದಕ್ಕೆ ಬ್ಯಾಟರಿ ಪೆಟ್ಟಿಗೆ ಮತ್ತು ಯುಎಸ್‌ಬಿ ಕೇಬಲ್, ಎರಡು ಕ್ರೊಕೊಡೈಲ್ ಕ್ಲಿಪ್ (ತುದಿಯಲ್ಲಿ ಕಚ್ಚುವ ಕ್ಲಿಪ್) ಇರುವ ವೈರು, ಎರಡು ಉದ್ದನೆಯ ಕಬ್ಬಿಣದ ಮೊಳೆ, ಒಂದು ಕುಂಡ. ತುಳಸಿ ಕುಂಡಕ್ಕೆ ಮೊಳೆ ಚುಚ್ಚಿದರೆ ಅಜ್ಜಿ ಸುಮ್ನೆ ಬಿಡುವುದಿಲ್ಲ, ದಾಸವಾಳದ್ದು ತಗೊಳ್ಳಿ. ಮೈಕ್ರೋಬಿಟ್ ಎಂದರೆ ಬ್ರಿಟನ್ನಿನ ಬಿಬಿಸಿ 2016ರಲ್ಲಿ ಅಲ್ಲಿನ ಶಾಲಾ ಮಕ್ಕಳಿಗೆ ಪುಕ್ಕಟೆ ಹಂಚಿದ ಪುಟ್ಟ ಕಂಪ್ಯೂಟರ್ ಬೋರ್ಡ್. 25 ಪುಟಾಣಿ ಎಲ್‌ಇಡಿ, ಎರಡು ಬಟನ್, ಅಂಚಿನಲ್ಲಿ ಕ್ಲಿಪ್ ಕಚ್ಚಿಸಲು ದೊಡ್ಡ ತೂತುಗಳು. ಮೂವತ್ತು ಸೆನ್ಸರ್ ತುಂಬಿದ ದುಬಾರಿ ಪೆಟ್ಟಿಗೆ ಬೇಡವೇ ಬೇಡ. ಎರಡು ಕಾಲಿನ ಅಗ್ಗದ ಮಣ್ಣಿನ ಸೆನ್ಸರ್ ಕೂಡ ಬೇಡ, ಅದರ ಲೇಪ ಬೇಗ ಸವೆಯುತ್ತದೆ. ಮೊಳೆ ಹಾಳಾದರೆ ಬೇರೆ ಮೊಳೆ.

ಕೇಬಲ್ ವಿಷಯದಲ್ಲಿ ಹುಷಾರು. ಚಾರ್ಜಿಂಗ್‌ಗೆ ಮಾತ್ರ ಬರುವ ಕೇಬಲ್ ಹಾಕಿದರೆ ಬೋರ್ಡಿನ ಲೈಟ್ ಹತ್ತುತ್ತದೆ, ಕಂಪ್ಯೂಟರಿಗೆ ಮಾತ್ರ ಬೋರ್ಡ್ ಕಾಣುವುದಿಲ್ಲ. ಸರಿಯಾದ ಕೇಬಲ್ ಆದರೆ ಪೆನ್‌ಡ್ರೈವ್ ಥರ ಮೈಕ್ರೋಬಿಟ್ ಅಂತ ತೋರಿಸುತ್ತದೆ.

2. ಮೊದಲು ಬೆರಳು. ಕಂಪ್ಯೂಟರ್ ತೆಗೆಯುವ ಮುಂಚೆ ಮಗುವಿನ ಬೆರಳನ್ನು ಮಣ್ಣಿಗೆ ಇಳಿಸಿ. "ನೀರು ಹಾಕಬೇಕಾ? ನಿಂಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿ. ಅದು ಹೇಳಿದ್ದನ್ನು "ಹೀಗಿದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ" ಎಂದು ಅದರ ಕೈಲೇ ಬರೆಸಿ. ಅರ್ಧ ಪ್ರೋಗ್ರಾಂ ಅಲ್ಲೇ ಆಯಿತು.

3. ಜೋಡಣೆ. ಮೊಳೆಗಳನ್ನು ಎರಡು ಬೆರಳು ಅಂತರದಲ್ಲಿ ಚುಚ್ಚಿ, ಒಂದಕ್ಕೆ 0 ತೂತಿನ ವೈರು, ಇನ್ನೊಂದಕ್ಕೆ 1ರ ವೈರು. ಎರಡನೆಯದನ್ನು 3ವಿ ತೂತಿಗೆ ಸಿಕ್ಕಿಸುವುದೂ ಉಂಟು. ಆದರೆ ಆಗ ಮೊಳೆಗೆ ಸದಾ ಕರೆಂಟ್ ಹರಿದು ಬೇಗ ತುಕ್ಕು ಹಿಡಿಯುತ್ತದೆ. 1ಕ್ಕೆ ಹಾಕಿದರೆ ಅಳೆಯುವಾಗ ಮಾತ್ರ ಕರೆಂಟ್ ಬಿಡಬಹುದು.

4. ಅಂಕಿ ಹುಡುಕುವುದು. ಎಲ್ಲರೂ ಎಡವುವುದು ಇಲ್ಲೇ. ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ ಮೇಕ್‌ಕೋಡ್ ವೆಬ್‌ಸೈಟಿನಲ್ಲಿ ಮೊದಲು ಇಷ್ಟೇ ಮಾಡಿಸಿ: ಎ ಬಟನ್ ಒತ್ತಿದಾಗ ಪಿನ್ 1 (ಅಂದರೆ 1ರ ತೂತು) ಆನ್, ಪಿನ್ 0 ಓದು, ಪಿನ್ 1 ಆಫ್, ಓದಿದ ಅಂಕಿ ತೋರಿಸು. ಮುಖ ಗಿಖ ಇನ್ನೂ ಬೇಡ. ಮಾಡಿದ್ದನ್ನು ಡೌನ್‌ಲೋಡ್ ಮಾಡಿ ಬೋರ್ಡಿಗೆ ಹಾಕಿಸಿ. ಅಂಕಿ 0ಯಿಂದ 1023ರ ಒಳಗೆ ಬರುತ್ತದೆ. ಒದ್ದೆ ಮಣ್ಣಿನಲ್ಲಿ ಕರೆಂಟ್ ಸಲೀಸಾಗಿ ಹರಿಯುವುದರಿಂದ ಅಂಕಿ ಮೇಲೇರುತ್ತದೆ. ಆ ಪುಟ್ಟ ಪರದೆಯಲ್ಲಿ ಅಂಕಿ ಒಂದೇ ಸಲಕ್ಕೆ ಹಿಡಿಸದೆ ಸರಿಯುತ್ತಾ ಹೋಗುತ್ತದೆ, ಅದಕ್ಕೇ ಬಟನ್. ತಪ್ಪಿಹೋದರೆ ಮತ್ತೆ ಒತ್ತಿದರಾಯಿತು.

ಈಗ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ: ಬೆರಳು ಏನು ಹೇಳಿತು, ಬೋರ್ಡ್ ಏನು ಹೇಳಿತು. ಒಣ ಮಣ್ಣಿನಲ್ಲಿ ಒಮ್ಮೆ, ನೀರು ಹಾಕಿ ಮಣ್ಣೆಲ್ಲ ನೆನೆದ ಮೇಲೆ ಒಮ್ಮೆ, ಆಮೇಲೆ ಬೆಳಿಗ್ಗೆ ಸಂಜೆ. ಒಂದೇ ದಿನದಲ್ಲಿ ಮುಗಿಸುವ ಅವಸರ ಬೇಡ, ಮಣ್ಣು ಒಣಗಲು ಅದರದ್ದೇ ಸಮಯ ಬೇಕು. ಅಂಕಿ ಸುಮ್ಮಸುಮ್ಮನೆ ಕುಣಿದರೆ ಕ್ಲಿಪ್ ಸಡಿಲ ಇರಬಹುದು, ನೋಡಿ.

ಎಷ್ಟರ ಕೆಳಗೆ ಹೋದರೆ "ಒಣ"? ನಿಮ್ಮಿಂದ ಉತ್ತರ ಬೇಡ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಅಂಕಿಯೂ ಬೇಡ. ಮೊಳೆಗಳ ಅಂತರ ಬದಲಾದರೆ, ಆಳ ಬದಲಾದರೆ, ಗೊಬ್ಬರದ ಉಪ್ಪಿನಂಶ ಏರಿದರೆ ಅಂಕಿಯೂ ಬದಲಾಗುತ್ತದೆ. ಬೇರೆಯವರ ಕುಂಡದ ಅಂಕಿ ನಿಮ್ಮ ಕುಂಡಕ್ಕೆ ಹೊಂದುವುದಿಲ್ಲ. ಮಗು ತನ್ನ ಪಟ್ಟಿ ನೋಡಿ ತಾನೇ ಗೆರೆ ಎಳೆಯಲಿ. ತಪ್ಪು ಜಾಗದಲ್ಲಿ ಎಳೆದರೆ ಹಸಿ ಮಣ್ಣಿಗೂ ಬೋರ್ಡ್ ಅಳುತ್ತದೆ, ಆಗ ಮಗುವೇ ಸರಿಮಾಡುತ್ತದೆ.

5. ಮುಖ. ಪಿನ್ ಓದುವ ಸಾಲುಗಳನ್ನು "ಸದಾ" (ಫಾರೆವರ್) ಬ್ಲಾಕಿನೊಳಗೆ ತಂದು, "ಇದ್ದರೆ–ಇಲ್ಲದಿದ್ದರೆ" ಸೇರಿಸಿದರೆ ಮುಗಿಯಿತು: ಅಂಕಿ ಗೆರೆಗಿಂತ ಕೆಳಗಿದ್ದರೆ ಅಳುಮುಖ, ಇಲ್ಲದಿದ್ದರೆ ನಗುಮುಖ. ನಡುವೆ ವಿರಾಮ ಇರಲಿ. ಅದರ ಲೆಕ್ಕ ಮಿಲಿಸೆಕೆಂಡಿನಲ್ಲಿ, ಐದು ಸೆಕೆಂಡಿಗೆ 5000.

ಮಣ್ಣು ಗೆರೆಯ ಹತ್ತಿರ ಬಂದಾಗ ಮುಖ ಅಳು–ನಗು–ಅಳು ಎಂದು ಬದಲಾಗುತ್ತಲೇ ಇರುತ್ತದೆ. ಬೋರ್ಡ್ ಕೆಟ್ಟಿತು ಅಂತ ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ. ಕೆಟ್ಟಿಲ್ಲ. "ಒಂದೇ ಗೆರೆ ಸಾಕಾ?" ಅಂತ ಮಾತ್ರ ಕೇಳಿ, ಸುಮ್ಮನಾಗಿ. ಉತ್ತರ ಎರಡು ಗೆರೆ. ಮಾತಿಗೆ, 400ಕ್ಕಿಂತ ಕೆಳಗಿಳಿದರೆ ಅಳು, 500 ದಾಟಿದರೆ ಮಾತ್ರ ನಗು, ನಡುವೆ ಇದ್ದರೆ ಹಿಂದಿನ ಮುಖವೇ. ಫ್ರಿಡ್ಜ್ ಆನ್ ಆಫ್ ಆಗುವುದೂ ಹೀಗೇ. ಮಗುವಿಗೆ ಇದು ತಾನಾಗಿ ಹೊಳೆಯಲು ಎರಡು ದಿನ ಹಿಡಿದರೂ ಪರವಾಗಿಲ್ಲ.

6. ಸಿಂಗಾರ. ಇಲ್ಲಿ ಮಗು ಹೇಳಿದ್ದೇ ಸರಿ. ಅಳುಮುಖದ ಬದಲು ಬಾಡಿದ ಎಲೆ ಬರೆದರೂ ಆಯಿತು, ಗಿಡಕ್ಕೊಂದು ಹೆಸರಿಟ್ಟು ಆ ಹೆಸರನ್ನು ಪರದೆಯ ಮೇಲೆ ಓಡಿಸಿದರೂ ಆಯಿತು. 2020ರಲ್ಲಿ ಬಂದ ಮೈಕ್ರೋಬಿಟ್‌ನ ಎರಡನೇ ಆವೃತ್ತಿಯಲ್ಲಿ ಸ್ಪೀಕರ್ ಇದೆ, ಕೂಗಿಸಲೂಬಹುದು. ರಾತ್ರಿ ಮಾತ್ರ ಬ್ಯಾಟರಿ ತೆಗೆದಿಡಿ.

ಬೋರ್ಡನ್ನು ಮಣ್ಣಿನ ಮೇಲೆ ಇಡಬೇಡಿ. ಪ್ಲಾಸ್ಟಿಕ್ ಕವರಿಗೆ ಹಾಕಿ ಕುಂಡದ ಹೊರಗೆ ಕಟ್ಟಿ, ವೈರು ಮಾತ್ರ ಒಳಗಿರಲಿ. ಮೊಳೆಗಳನ್ನು ಆಗಾಗ ಕಿತ್ತು ಉಜ್ಜಿ. ವಾಪಸ್ ಚುಚ್ಚಿದ ಮೇಲೆ ಅಂಕಿ ಬದಲಾಗಿರುತ್ತದೆ, ನೋಟ್‌ಬುಕ್ ಮತ್ತೆ ತೆಗೆಯಬೇಕು.